ಎಲ್ಲದಕ್ಕೂ ಆಗುತ್ತೆ ಸಾರ್

ಹವ್ಯಾಸಿ ಸಿಎನ್‌ಸಿ ಸಾಮಾನು ಮಾರುವವರ ಬಾಯಲ್ಲಿ ಒಂದೇ ಮಾತು: ‘ಈ ಡ್ರೈವರ್ ಎಲ್ಲದಕ್ಕೂ ಆಗುತ್ತೆ ಸಾರ್.’ ಮ್ಯಾಕ್3, ಜಿಆರ್‌ಬಿಎಲ್, ಲಿನಕ್ಸ್‌ಸಿಎನ್‌ಸಿ, ಯಾವುದಕ್ಕೆ ಬೇಕಾದರೂ. ಇದು ಅರ್ಧ ಸುಳ್ಳು. ಪೂರ್ತಿ ಸುಳ್ಳಾಗಿದ್ದರೆ ಮೋಟಾರೇ ತಿರುಗುತ್ತಿರಲಿಲ್ಲ, ಅವತ್ತೇ ವಾಪಸ್ ಕೊಡಬಹುದಿತ್ತು. ತಿರುಗ್ತದೆ, ಹಾಗಾಗಿ ನಾವು ಸುಮ್ಮನಾಗ್ತೇವೆ.

ಫರಂಗಿಪೇಟೆಯಲ್ಲಿ ನಮ್ಮನೆ ಹತ್ತಿರ ಮರಗೆಲಸದ ಆಚಾರ್ರು ಒಬ್ಬರಿದ್ದಾರೆ. ದಾರಂದ, ದೇವರ ಮಂಟಪ ಅವರ ಕೆಲಸ. ಮಗ ಸೊಸೈಟಿಯಲ್ಲಿ ಸಾಲ ತೆಗೆದು ಸಣ್ಣ ರೂಟರ್ ಜೋಡಿಸಿದ: ಆರ್ಡಿನೋ ಊನೋ, ಅದರಲ್ಲಿ ಜಿಆರ್‌ಬಿಎಲ್ 1.1, ಮೂರು ಡ್ರೈವರ್. ಹಲಸಿನ ಹಲಗೆಯಲ್ಲಿ ಮೊದಲ ಬಳ್ಳಿ ಚಂದ ಬಂತು. ಕೊನೆಯ ಬಳ್ಳಿ ಹೆಚ್ಚುಕಮ್ಮಿ ಎರಡು ಮಿಲಿಮೀಟರ್ ಜಾಸ್ತಿ ಆಳ. ಅಂಗಡಿಯವರಿಗೆ ಫೋನ್ ಮಾಡಿದರೆ ‘ಮರ ಗಟ್ಟಿ ಇರ್ಬೇಕು, ಸ್ಪೀಡ್ ಕಮ್ಮಿ ಮಾಡಿ’ ಅಂದರಂತೆ. ಆಚಾರ್ರು ನನ್ನತ್ರ ಹೇಳಿದ್ದು: “ಇದಕ್ಕೆ ಕಣ್ಣಿಲ್ಲ ಮಾರಾಯ.”

ಅವರು ಹೇಳಿದ್ದೇ ಸರಿ. ಸ್ಟೆಪ್ಪರ್ ಮೋಟಾರಿಗೆ ‘ನಾನು ಇಲ್ಲಿದ್ದೇನೆ’ ಅಂತ ತಿರುಗಿ ಹೇಳುವ ದಾರಿಯೇ ಇಲ್ಲ. ಒಂದು ಪಲ್ಸ್ ತಪ್ಪಿದರೂ ಸಾಫ್ಟ್‌ವೇರ್ ಲೆಕ್ಕದಲ್ಲಿ ಎಲ್ಲಾ ಸರಿ.

ನಾವು ಮಾಡಿದ್ದು ಇಷ್ಟೆ. ರೂಟರ್ ಆಫ್ ಮಾಡಿ, ಮರ ತೆಗೆದಿಟ್ಟು, ಗಾಳಿಯಲ್ಲೇ ತಲೆಯನ್ನು ಸಾವಿರ ಸಲ ಮೇಲೆ ಕೆಳಗೆ ಓಡಿಸಿ ಡಯಲ್ ಗೇಜ್ ಇಟ್ಟೆವು. ಒಂದೂವರೆ ಮಿಲಿಮೀಟರ್ ಇಳಿದಿತ್ತು! ಮರವೇ ಇಲ್ಲದಲ್ಲಿ ಮರ ಹೇಗೆ ಗಟ್ಟಿ ಆಗ್ತದೆ?

ಲೆಕ್ಕ ನೋಡಿ. ಒಂದು ಸುತ್ತಿಗೆ 200 ಹೆಜ್ಜೆ, ಡ್ರೈವರ್‌ನಲ್ಲಿ 16 ಪಾಲು, ಅಂದರೆ 3200. ಸ್ಕ್ರೂ ಸುತ್ತಿಗೆ 5 ಮಿ.ಮೀ. ಸರಿಯುತ್ತದೆ, ಮಿಲಿಮೀಟರಿಗೆ 640 ಪಲ್ಸ್. ಮೇಲೆ ಕೆಳಗೆ ಹೋಗುವಾಗ ಸಲಕ್ಕೊಂದು ಪಲ್ಸ್ ತಪ್ಪಿದರೆ ಸಾವಿರ ಸಲಕ್ಕೆ 1.56 ಮಿ.ಮೀ. ಡ್ರೈವರ್‌ನ ಡೇಟಾಶೀಟ್ ಹುಡುಕಿದರೆ, ದಿಕ್ಕಿನ ಸಿಗ್ನಲ್ ಪಲ್ಸ್‌ಗಿಂತ 5 ಮೈಕ್ರೋಸೆಕೆಂಡ್ ಮೊದಲೇ ಬರಬೇಕು ಅಂತ ಇದೆ. ಜಿಆರ್‌ಬಿಎಲ್ ಎರಡನ್ನೂ ಹೆಚ್ಚುಕಡಿಮೆ ಒಟ್ಟಿಗೇ ಕಳಿಸ್ತದೆ. ನಡುವೆ ವಿರಾಮ ಕೊಡುವ ಸಾಲು ಕೋಡ್‌ನಲ್ಲಿ ಉಂಟು, ಆದರೆ ಕಾಮೆಂಟ್ ಮಾಡಿಟ್ಟಿದ್ದಾರೆ. ಅದನ್ನು ತೆರೆದು ಮತ್ತೆ ಕಂಪೈಲ್ ಮಾಡಿದೆವು, ಗೇಜ್ ಸೊನ್ನೆಗೆ ಬಂತು.

‘32 ಪಾಲು ಹಾಕಿ, ಸ್ಮೂತ್ ಇರ್ತದೆ’ ಅನ್ನುವ ಸಲಹೆಯೂ ಇಂಥದ್ದೇ. ಊನೋದಲ್ಲಿ ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 30,000 ಪಲ್ಸ್ ಕೊಟ್ಟೀತು. 16 ಪಾಲಿಗೆ ನಿಮಿಷಕ್ಕೆ 2800 ಮಿ.ಮೀ. ಓಡುವ ಮೆಷಿನ್ 32 ಪಾಲಿಗೆ 1400ಕ್ಕೆ ನಿಂತೀತು. ಇನ್ನು 5 ವೋಲ್ಟ್ ಕೇಳುವ ಡ್ರೈವರ್‌ಗೆ ಇಎಸ್‌ಪಿ32ರ 3.3 ವೋಲ್ಟ್ ಕೊಟ್ಟು ಪರದಾಡುವವರ ಕತೆ ಬೇರೆಯೇ.

ಲಿನಕ್ಸ್‌ಸಿಎನ್‌ಸಿ ಸೆಟಪ್ ಮಾಡುವಾಗಲೇ ನಾಲ್ಕು ಅಂಕಿ ಕೇಳ್ತದೆ: ಪಲ್ಸ್ ಎಷ್ಟು ಹೊತ್ತು, ಎರಡು ಪಲ್ಸ್ ನಡುವೆ ಎಷ್ಟು, ದಿಕ್ಕು ಪಲ್ಸ್‌ಗಿಂತ ಎಷ್ಟು ಮೊದಲು, ಆಮೇಲೆ ಎಷ್ಟು ಹೊತ್ತು ಹಿಡಿದಿರಬೇಕು. ಡ್ರೈವರ್ ಡಬ್ಬಿಯ ಮೇಲೆ ಈ ನಾಲ್ಕು ಅಂಕಿ ಅಚ್ಚು ಹಾಕಲು ಎಷ್ಟು ಜಾಗ ಬೇಕು? ಆಫೀಸಿನಲ್ಲಿ ಎಪಿಐ ವರ್ಷನ್ ಒಂದಂಕಿ ಬದಲಾದರೆ ಮೂರು ಮೀಟಿಂಗ್ ಮಾಡುವ ನಾವು, ಇಲ್ಲಿ ಮಾತ್ರ ಯಾಕೆ ಕೇಳುವುದಿಲ್ಲ? ನಮಗಾದರೆ ಇದು ವೀಕೆಂಡ್ ಆಟ. ಆಚಾರ್ರ ಮಗನಿಗೆ ತಿಂಗಳ ಕಂತು.

ಡೇಟಾಶೀಟ್ ಕೇಳಿದರೆ ‘ಯೂಟ್ಯೂಬ್ ನೋಡಿ ಸಾರ್’ ಅನ್ನುವ ಅಂಗಡಿಯಿಂದ ನಾನಂತೂ ಬರಿಗೈಯಲ್ಲಿ ಹೊರಗೆ ಬರ್ತೇನೆ.