ಆಯಿ, ನೀ ಸುಮ್ನ ಕುಂದ್ರ...

ಬಾಹ್ಯಾಕಾಶಕ್ಕೆ ಹೋದವರಿಗೆ ವಯಸ್ಸೇ ಆಗೋದಿಲ್ಲವಂತೆ! ಆಫೀಸಿನಲ್ಲಿ ಚಹಾ ಕುಡಿಯುವಾಗ ಈ ಮಾತು ಆಗಾಗ ಬರುತ್ತೆ. ಯಾರಾದರೊಬ್ಬರು ಐನ್‌ಸ್ಟೈನ್‌ನನ್ನೂ ಎಳೆದು ತರ್ತಾರೆ. ಲೆಕ್ಕ ಹಾಕಿದರೆ, ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ತಿಂಗಳು ಇದ್ದು ಬಂದವರು ನಮಗಿಂತ ಸುಮಾರು 0.005 ಸೆಕೆಂಡಿನಷ್ಟು ಚಿಕ್ಕವರಾಗಿರ್ತಾರೆ. ಅಷ್ಟೇ.

ಅವರ ಮೈಯ ಕತೆ ಮಾತ್ರ ತಿರುಗುಮುರುಗು. ಭಾರವೇ ಇಲ್ಲದ ಜಾಗದಲ್ಲಿ ಸೊಂಟ, ತೊಡೆಯ ಮೂಳೆಗಳಿಗೆ ಹೊರೋಕೆ ಏನೂ ಇರಲ್ಲ. ಸರಿಯಾದ ವ್ಯಾಯಾಮ ಮಾಡದಿದ್ದರೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೀತಾವೆ. ಇಲ್ಲಿ ವಯಸ್ಸಾದವರಲ್ಲಿ ಹೆಚ್ಚುಕಡಿಮೆ ಒಂದು ವರ್ಷಕ್ಕೆ ಆಗುವ ನಷ್ಟ ಅದು. ಅದಕ್ಕೇ ಅವರು ಬೆಲ್ಟು ಬಿಗಿದುಕೊಂಡು ದಿನಕ್ಕೆ ಎರಡು ಗಂಟೆ ಓಡ್ತಾರೆ, ಸೈಕಲ್ ತುಳೀತಾರೆ.

ಇದು ದೂರದ ನಾಸಾದ ವಿಷಯ ಅಂತ ಬಿಡಬೇಡಿ. ಬೆಳಗಾವಿಯಲ್ಲಿ ರೈಲು ಹತ್ತಿ ಖಾನಾಪುರ, ಲೋಂಡಾ, ಅಳ್ನಾವರ ದಾಟಿದರೆ ಧಾರವಾಡ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಅವರು ಹಿಂದೆ ನಾಸಾದ ಏಮ್ಸ್ ಕೇಂದ್ರದಲ್ಲಿ ಕೆಲಸ ಮಾಡಿದವರು. ಗಗನಯಾನಕ್ಕೆ ಅಂತ ಅವರ ತಂಡ ಹಣ್ಣಿನ ನೊಣಗಳ ಪುಟ್ಟ ಪೆಟ್ಟಿಗೆ ತಯಾರಿಸಿದ್ದು 2024ರಲ್ಲಿ ಸುದ್ದಿಯಾಗಿತ್ತು. ಕಳಿತ ಬಾಳೆಹಣ್ಣಿಗೆ ಮುತ್ತುತ್ತವಲ್ಲ, ಅವೇ ನೊಣ. ಮೂಳೆಯಿಂದ ಸೋರಿದ ಸುಣ್ಣ ಮೂತ್ರಕ್ಕೆ ಇಳಿದು ಗಗನಯಾತ್ರಿಗಳಿಗೆ ಕಿಡ್ನಿ ಕಲ್ಲಿನ ಭಯ. ಅದನ್ನು ಈ ನೊಣಗಳಲ್ಲಿ ನೋಡುವುದು ಉದ್ದೇಶ. ನೊಣದ ಆಯಸ್ಸು ಸುಮಾರು ಎರಡೇ ತಿಂಗಳು, ಹುಟ್ಟಿನಿಂದ ಮುಪ್ಪಿನವರೆಗೆ ಎಲ್ಲಾ ಒಂದೇ ಪ್ರಯೋಗದಲ್ಲಿ ಕಾಣಬಹುದು. ಮುಪ್ಪಿನ ಸಂಶೋಧನೆಗೆ ಅದು ಅಚ್ಚುಮೆಚ್ಚಾಗಿರೋದು ಅದಕ್ಕೇ. 2025ರಲ್ಲಿ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಹೋದಾಗ ಧಾರವಾಡದ ಹೆಸರುಕಾಳು, ಮೆಂತ್ಯ ಮೊಳಕೆಯ ಪ್ರಯೋಗವೂ, ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಸ್ನಾಯು ಕೋಶಗಳ ಪ್ರಯೋಗವೂ ಜೊತೆಗೆ ಹೋಗಿದ್ದವು.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಭೂಮಿ ಮೇಲೇ ನಡೆದ ಹಳೆಯ ಪ್ರಯೋಗ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐದು ಹುಡುಗರನ್ನು ಮೂರು ವಾರ ಹಾಸಿಗೆ ಮೇಲೇ ಮಲಗಿಸಿದರು. ಮೂವತ್ತು ವರ್ಷ ಬಿಟ್ಟು ಅದೇ ಐವರನ್ನು ಮತ್ತೆ ಪರೀಕ್ಷಿಸಿದರೆ, ಅವರ ದೇಹದ ದುಡಿಯುವ ಶಕ್ತಿಯನ್ನು ಮೂವತ್ತು ವರ್ಷದ ವಯಸ್ಸು ಎಷ್ಟು ತಿಂದಿತ್ತೋ ಅದಕ್ಕಿಂತ ಹೆಚ್ಚು ಆ ಮೂರು ವಾರದ ಮಲಗುವಿಕೆ ತಿಂದಿತ್ತು! ಆಮೇಲೆ ಆರು ತಿಂಗಳು ಅಭ್ಯಾಸ ಮಾಡಿಸಿದಾಗ ವಯಸ್ಸು ಕಿತ್ತುಕೊಂಡ ಆ ಶಕ್ತಿ ವಾಪಸ್ ಬಂತು.

ಈಗ ನಮ್ಮ ಮನೆಗಳನ್ನು ನೋಡಿ. ಖಾನಾಪುರದ ಕಡೆ ಹಳ್ಳಿಗಳಲ್ಲಿ 70 ದಾಟಿದ ಆಯಿ ಬೆಳಿಗ್ಗೆದ್ದು ಕಸ ಹೊಡೆದು, ದನದ ಕೊಟ್ಟಿಗೆ ನೋಡಿ, ಗದ್ದೆಗೂ ಹೋಗಿ ಬರ್ತಾಳೆ. ಮಗ ಪ್ರೀತಿಯಿಂದ ಬೆಳಗಾವಿಗೆ ಕರಕೊಂಡು ಬರ್ತಾನೆ. ಎರಡನೇ ಮಹಡಿ, ಲಿಫ್ಟ್ ಇಲ್ಲ. ನೀರಿನ ತಂಬಿಗೆಯೂ ಕೈಗೇ ಬರುತ್ತೆ. ಎದ್ದರೆ ಸಾಕು, "ಆಯಿ, ನೀ ಸುಮ್ನ ಕುಂದ್ರ, ನಾವ್ ಮಾಡ್ತೀವಿ". ವರ್ಷದೊಳಗೆ ಆಯಿಗೆ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗೋಕಾಗಲ್ಲ. "ಏನ್ ಮಾಡೋದ್ರಿ, ವಯಸ್ಸಾತು" ಅಂತೀವಿ. ನನ್ನ ಪ್ರಕಾರ ಎಷ್ಟೋ ಮನೆಗಳಲ್ಲಿ ಅದು ಬರೀ ವಯಸ್ಸಲ್ಲ, ನಮ್ಮ ಮರ್ಯಾದೆಯ ಕುರ್ಚಿ.

"ಜೀವನಪೂರ್ತಿ ದುಡಿದವರಿಗೆ ಇನ್ನಾದ್ರೂ ವಿಶ್ರಾಂತಿ ಬ್ಯಾಡೇನು?" ಅಂತ ನೀವು ಕೇಳಬಹುದು. ದುಡಿಮೆಯಿಂದ ವಿಶ್ರಾಂತಿ ಬೇಕೇ ಬೇಕು. ಇದನ್ನೇ ನೆಪ ಮಾಡಿಕೊಂಡು ಭಾಂಡೆ ತಿಕ್ಕೋದು, ಮೊಮ್ಮಕ್ಕಳನ್ನು ಎತ್ತೋದು ಆಯಿಯ ತಲೆಗೆ ಕಟ್ಟಿ "ವ್ಯಾಯಾಮ" ಅಂದುಬಿಟ್ಟೀರಿ ಮತ್ತೆ :-) ನಾನು ಹೇಳೋದು ಕಾಲ ಮೇಲೆ ಮೈಭಾರ ಬೀಳುವ ಕೆಲಸ: ಕುರ್ಚಿಯಿಂದ ಎದ್ದು ಕೂರೋದು, ದಿನಾ ಒಮ್ಮೆ ಮೆಟ್ಟಿಲಿಳಿದು ಬೀದಿ ತುದಿವರೆಗೆ ಹೋಗಿ ಬರೋದು. ಬೀಳುವ ಭಯ ಸುಳ್ಳಲ್ಲ, ಅದರಲ್ಲೂ ಬೆಳಗಾವಿ ಮಳೆಗಾಲದಲ್ಲಿ. ಮಂಡಿನೋವು, ಎದೆಯ ತೊಂದರೆ ಇದ್ದರೆ ಡಾಕ್ಟರನ್ನೋ ಫಿಸಿಯೋಥೆರಪಿಯವರನ್ನೋ ಕೇಳಿಯೇ ಶುರು ಮಾಡಬೇಕು. ಆದರೆ ಭಯಕ್ಕೆ ಮದ್ದು ಕುರ್ಚಿಯಲ್ಲ; ಕೂತಷ್ಟೂ ಕಾಲು ಸೋಲುತ್ತೆ, ಕಾಲು ಸೋತಷ್ಟೂ ಬೀಳೋದು ಜಾಸ್ತಿ.

ಟಿವಿ ದೊಡ್ಡದು ತರುವ ದುಡ್ಡಿನಲ್ಲಿ ಮೆಟ್ಟಿಲಿಗೆ ಎರಡೂ ಬದಿ ಹಿಡಿಕೆ, ಬಚ್ಚಲಿಗೊಂದು ಹಿಡಿಕೆ ಹಾಕಿಸಿ. ಆಯಿ ಕಾಯಿಪಲ್ಯೆ ತರೋಕೆ ತಾನೇ ಹೋಗ್ತೀನಿ ಅಂದರೆ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಡಿ.