ಹಳ್ಳಿಗೆ ಹೋಗುವಾಗ ಖಾಲಿ ನೋಟ್‌ಬುಕ್ ಇರಲಿ

ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲೇ ಉಳಿದು ಕಲಿಯಬೇಕು. ‘ಗ್ರಾಮೀಣ ಕೃಷಿ ಕಾರ್ಯಾನುಭವ’ ಅಂತ ಅದರ ಹೆಸರು. ಚಾರ್ಟ್ ಅಂಟಿಸುತ್ತಾರೆ, ಬೀಜೋಪಚಾರ ತೋರಿಸುತ್ತಾರೆ, ಮಣ್ಣಿನ ಮಾದರಿ ತೆಗೆಯುವುದು ಹೇಗೆಂದು ವಿವರಿಸುತ್ತಾರೆ. ಒಳ್ಳೆಯದೇ. ಊರಿನ ನಕ್ಷೆ ಬಿಡಿಸುವಾಗ ಒಂದಿಷ್ಟು ಪ್ರಶ್ನೆ ಕೇಳುವುದೂ ಉಂಟು. ಉಳಿದಂತೆ ಹುಡುಗರು ಹೇಳಬೇಕು, ಜೀವಮಾನವಿಡೀ ಅದೇ ಹೊಲ ಉತ್ತವರು ತಲೆಯಾಡಿಸಬೇಕು. ಇದು ತಿರುಗುಮುರುಗು ಆಗಬೇಕೆಂಬುದು ನನ್ನ ವಾದ.

ನಮ್ಮ ತುಮಕೂರು ಕಡೆಯ ರಾಗಿ ಹೊಲವನ್ನೇ ನೋಡಿ. ಒಂದಷ್ಟು ಸಾಲು ರಾಗಿಯ ನಡುವೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಸಾರಿಗೆ ಕಾಳು ಸಿಗುವುದಷ್ಟೇ ಲಾಭವಲ್ಲ. ಅವರೆ, ತೊಗರಿಯ ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ, ಉದುರಿದ ಎಲೆ ಹೊಲಕ್ಕೇ ಸೇರುತ್ತದೆ. ರಾಗಿ ಕೊಯ್ದ ಮೇಲೂ ನೆಲ ಬೋಳಾಗುವುದಿಲ್ಲ. ಅಕ್ಕಡಿ ಕಡಿಮೆಯಾಗುತ್ತಿರುವುದು ರೈತರು ಮರೆತದ್ದರಿಂದಲ್ಲ. ಕಟಾವು ಯಂತ್ರಕ್ಕೆ ಇಡೀ ಹೊಲ ಒಂದೇ ಸಲ ಮಾಗಿರಬೇಕು. ರಾಗಿಗೆಂದು ಕಳೆನಾಶಕ ಹೊಡೆದರೆ ಅವರೆಯೂ ಸುಟ್ಟುಹೋಗುತ್ತದೆ.

ಕುರಿ ಮಂದೆಯದು ಇನ್ನೂ ಜಾಣ ಲೆಕ್ಕ. ಕುರಿಗಾರರಿಗೆ ರಾಗಿಯನ್ನೋ ಹಣವನ್ನೋ ಕೊಟ್ಟು, ಬೇಸಿಗೆಯ ರಾತ್ರಿಗಳಲ್ಲಿ ಹೊಲದಲ್ಲೇ ಮಂದೆ ಹಾಕಿಸುತ್ತಾರೆ. ಜಾಗ ಬದಲಿಸುತ್ತ ಹೋಗುತ್ತಾರೆ. ಹಿಕ್ಕೆಯ ಜೊತೆ ಗಂಜಲವೂ ನೇರ ಮಣ್ಣಿಗಿಳಿಯುತ್ತದೆ. ಮಂದೆ ಎದ್ದ ಮೇಲೆ ತಡಮಾಡದೆ ಒಂದು ಉಳುಮೆ. ತಡವಾದರೆ ಸಾರ ಹಾರಿಹೋಗುತ್ತದೆ. ಹಾಗೆನ್ನುವವರಿಗೆ ಅಮೋನಿಯಾ ಎಂಬ ಹೆಸರು ಗೊತ್ತಿಲ್ಲದಿರಬಹುದು, ಅದರ ಗುಣ ಗೊತ್ತಿದೆ. ಕೆರೆ ಗೋಡು ಹೊಡೆಸುವವರೂ ಕಣ್ಣುಮುಚ್ಚಿ ಹೊಡೆಸುವುದಿಲ್ಲ: ನೀರು ನಿಲ್ಲದ ಗರಸು ನೆಲಕ್ಕೆ ಹೌದು, ಎರೆಗೆ ಬೇಡ.

ಹಾಗೆಂದು ಹಿರಿಯರು ಹೇಳಿದ್ದೆಲ್ಲ ಸರಿ ಎಂಬ ಭಜನೆ ನನ್ನದಲ್ಲ. ಸತು, ಬೋರಾನ್ ಕೊರತೆ ಮಣ್ಣನ್ನು ಅಂಗೈಯಲ್ಲಿ ಹಿಡಿದರೆ ತಿಳಿಯುವುದಿಲ್ಲ. 2009ರಲ್ಲಿ ಶುರುವಾದ ‘ಭೂಚೇತನ’ ಯೋಜನೆಯಲ್ಲಿ ರಾಜ್ಯದ ಮಳೆಯಾಶ್ರಿತ ಹೊಲಗಳಿಗೆ ಇವನ್ನು ಕೊಡಿಸಿದ್ದು ಮಣ್ಣು ಪರೀಕ್ಷೆಯ ಆಧಾರದ ಮೇಲೆಯೇ. ಪ್ರಯೋಗಾಲಯ ಬೇಕೇ ಬೇಕು. ಆದರೆ 2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ ಮಳೆಯಾಶ್ರಿತ ಜಮೀನಿನ 10 ಹೆಕ್ಟೇರ್‌ಗೆ ಒಂದು ಮಾದರಿ ಎಂದು ಇಟ್ಟುಕೊಂಡರು. ಅಂದರೆ ಸುಮಾರು 25 ಎಕರೆಗೆ ಒಂದು! ಎರಡೆಕರೆಯವರ ಹೊಲದಲ್ಲೇ ಮೇಲೆ ಗರಸು, ತಗ್ಗಿನಲ್ಲಿ ಎರೆ, ಮೂಲೆಯಲ್ಲಿ ಚೌಳು ಇರುತ್ತದೆ. ಕಾರ್ಡ್‌ನಲ್ಲಿ 12 ಅಂಶಗಳ ಲೆಕ್ಕವಿದೆ, ಇದಕ್ಕೆ ಜಾಗವಿಲ್ಲ.

ಕಾರ್ಯಾನುಭವಕ್ಕೆ ಹೋಗುವವರಿಗೆ ಈ ಕೆಲಸವನ್ನು ಅಂಕ ಸಮೇತ ಒಪ್ಪಿಸಬಾರದೇಕೆ? ಹತ್ತು ಮನೆಯ ಹೊಲ ಸುತ್ತಲಿ. ಯಾವ ತುಂಡಿನ ಮಣ್ಣಿಗೆ ಏನೆನ್ನುತ್ತಾರೆ, ಮಳೆ ನೀರು ಎಲ್ಲಿ ಕೊರೆಯುತ್ತದೆ, ಗೋಡು ಹೊಡೆಸಿದ್ದು ಯಾವಾಗ ಎಂದು ಕೇಳಿ ಬರೆದುಕೊಳ್ಳಲಿ. ಆಮೇಲೆ ಅದೇ ತುಂಡುಗಳ ಮಣ್ಣು ಪರೀಕ್ಷಿಸಲಿ. ರೈತರ ಮಾತು ತಪ್ಪಿದ್ದರೆ ತಪ್ಪೆಂದೇ ಬರೆಯಲಿ. ಹೆಂಗಸರನ್ನು ಕೇಳದೆ ಮಾತ್ರ ಬರಬಾರದು. ಅಕ್ಕಡಿಯ ಬೀಜ ಎತ್ತಿಡುವವರು ಅವರೇ. ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರದಲ್ಲೂ ಇದು ಸಾಧ್ಯ. ದೇವಸ್ಥಾನದ ಅಂಗಳ ಗುಡಿಸಿದ ಮೇಲೆ ಸಂಜೆ ಬಿಡುವಿರುತ್ತದಲ್ಲ!

ನಮ್ಮ ಕಡೆ ಈಗ ಮಂದೆ ಹಾಕಿಸುವ ಮನೆಗಳು ಬೆರಳೆಣಿಕೆಯಷ್ಟು. ಆ ಮನೆಗಳಲ್ಲಿ ಹೊಲ ನೋಡಿಕೊಳ್ಳುವವರು ಹೆಚ್ಚಿನವರು ಅರವತ್ತು ದಾಟಿದವರು. ಮಕ್ಕಳು ನಮ್ಮಂತೆಯೇ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದಾರೆ. ಬರುವ ಮುಂಗಾರಿಗೆ ಹಳ್ಳಿಗೆ ಹೋಗುವ ತಂಡಗಳು ಮೊದಲು ಅಂಥವರ ಜಗಲಿಗೆ ಹೋಗಲಿ.