ಕೋಳಿಗೆ ಟಿಕೆಟ್ ಉಂಟು, ಲಸಿಕೆ ಇಲ್ಲ

ನಂಜನಗೂಡಿನಿಂದ ಹುಲ್ಲಹಳ್ಳಿ ಕಡೆಗೆ ಸಂಜೆ ಬಸ್ಸಿನಲ್ಲಿ ಓಡಾಡುವವರಿಗೆ ಈ ನೋಟ ಹೊಸದೇನಲ್ಲ. ಸೀಟಿನ ಕೆಳಗೊಂದು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ, ಅದಕ್ಕೆ ನಾಲ್ಕಾರು ತೂತು, ಒಳಗಿನಿಂದ ಚಿಂವ್ ಚಿಂವ್ ಸದ್ದು. ಪಕ್ಕದವರು ವಿಚಾರಿಸಿದರೆ "ಮಗ ಹಟ ಹಿಡ್ದ ಕಣಣ್ಣ, ಆರು ಪಿಳ್ಳೆ ತಗಂಡೆ" ಎಂಬ ಉತ್ತರ. ಸರ್ಕಾರಿ ಬಸ್ಸಿನಲ್ಲಿ ಕೋಳಿಗೂ ಅರ್ಧ ಟಿಕೆಟ್ ಹರಿದ ಸುದ್ದಿ 2018ರಲ್ಲಿ ಚಿಕ್ಕಬಳ್ಳಾಪುರದ ಕಡೆಯಿಂದ ಬಂದಾಗ ನಾಡೆಲ್ಲ ನಕ್ಕಿತ್ತು. ನಗುವುದು ಸರಿ. ಆದರೆ ಕೋಳಿಯನ್ನು ಪ್ರಯಾಣಿಕರ ಲೆಕ್ಕಕ್ಕೆ ಸೇರಿಸಿದ ಮೇಲೆ ಆರೋಗ್ಯದ ಲೆಕ್ಕಕ್ಕೂ ಸೇರಿಸಬೇಕಲ್ಲವೆ? ಆ ಲೆಕ್ಕ ಮಾತ್ರ ಯಾರ ಖಾತೆಯಲ್ಲೂ ಬರೆದಂತೆ ಕಾಣುವುದಿಲ್ಲ.

ಹಿಂದೆ ಕೋಳಿ ಎಂದರೆ ಹಿತ್ತಿಲಿನ ಬಾಬತ್ತು. ಬೆಳಗ್ಗೆ ಮಂಕರಿ ಎತ್ತಿದರೆ ಸಾಕು, ಹಗಲೆಲ್ಲ ತಿಪ್ಪೆ ಕೆದಕಿ, ಹುಳುಹುಪ್ಪಟೆ ಹೆಕ್ಕಿ, ಸಂಜೆಗೆ ತಾವಾಗಿ ಮನೆ ಸೇರುತ್ತಿದ್ದವು. ಈಗ ಹುಲ್ಲಹಳ್ಳಿಯಂತಹ ಹೋಬಳಿ ಊರುಗಳಲ್ಲೂ ಹಿತ್ತಿಲಿದ್ದ ಕಡೆ ಇನ್ನೊಂದು ಮಳಿಗೆಯೋ ಬಾಡಿಗೆ ಮನೆಯೋ ಎದ್ದಿದೆ. ಬೀದಿಗೆ ಬಿಟ್ಟರೆ ನಾಯಿ, ಬೈಕು. ಮೇಲೆ ನೋಡಿದರೆ ಹದ್ದು. ಹೀಗಾಗಿ ಕೋಳಿ ಮನೆಯೊಳಕ್ಕೇ ಬಂದಿದೆ. ಮೆಟ್ಟಿಲ ಕೆಳಗೆ, ಅಂಗಡಿ ಹಿಂದಿನ ಗೋಡೌನಿನಲ್ಲಿ, ಬಚ್ಚಲ ಮೂಲೆಯಲ್ಲಿ ಎಳೆ ಮರಿಗಳು ಬೆಳೆಯುತ್ತಿವೆ. ಇದರಲ್ಲಿ ತಪ್ಪೇನೂ ಇಲ್ಲ. ಮಕ್ಕಳಿಗೆ ಮೊಟ್ಟೆ, ಮನೆಯ ಹೆಂಗಸರ ಕೈಗೆ ನಾಲ್ಕು ಕಾಸು. ಆದರೆ ಹಿತ್ತಿಲು ಮತ್ತು ತಾಯಿ ಹೇಂಟೆ ಇಬ್ಬರೂ ಸೇರಿ ಮಾಡುತ್ತಿದ್ದ ಕೆಲಸ ಈಗ ಮನೆಯವರ ತಲೆಯ ಮೇಲೆ ಬಿದ್ದಿದೆ. ಅದು ಎಷ್ಟು ಜನಕ್ಕೆ ಗೊತ್ತು?

ಕೋಳಿ ತುಳಿದು ಪಿಳ್ಳೆ ಸಾಯುವುದಿಲ್ಲ ಎಂಬ ಮಾತಿದೆ. ನಿಜ. ತಾಯಿ ಇಲ್ಲದೆ ಸಾಯುತ್ತದೆ. ಮೊಟ್ಟೆಯಿಂದ ಹೊರಬಂದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್, ಅಂದರೆ ಹಳೆಯ ಲೆಕ್ಕದಲ್ಲಿ 95 ಡಿಗ್ರಿ ಫ್ಯಾರನ್‌ಹೀಟ್ ಕಾವು ಬೇಕು. ವಾರಕ್ಕೆ ಐದು ಫ್ಯಾರನ್‌ಹೀಟ್ ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಧನುರ್ಮಾಸದ ರಾತ್ರಿ ನಮ್ಮ ಸೀಮೆಯಲ್ಲಿ ಎಷ್ಟು ಚಳಿ ಎಂಬುದು ಮುಂಜಾನೆ ಮೊದಲ ಬಸ್ಸಿಗೆ ಕಾಯುವವರಿಗೆ ಹೇಳಬೇಕಾಗಿಲ್ಲ. ಹೇಂಟೆ ರೆಕ್ಕೆ ಅಗಲಿಸಿ ಕೊಡುತ್ತಿದ್ದ ಕಾವನ್ನು ಈಗ ಬಲ್ಬು ಕೊಡಬೇಕು. ಇಲ್ಲೊಂದು ಮೋಸವಿದೆ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಎಲ್ಇಡಿ ಬಲ್ಬು. ಅದು ಬೆಳಕು ಕೊಡುತ್ತದೆ, ಮರಿಗೆ ಸಾಲುವಷ್ಟು ಕಾವು ಕೊಡುವುದಿಲ್ಲ. "ರಾತ್ರಿಯೆಲ್ಲ ಲೈಟ್ ಹಾಕಿದ್ವಲ್ಲ ಸ್ವಾಮಿ, ಆದ್ರೂ ಸತ್ತೋದ್ವು" ಎನ್ನುವವರು ಯಾವ ಲೈಟು ಹಾಕಿದ್ದರು ಎಂದು ನೋಡಿಕೊಳ್ಳಬೇಕು. ಬೇಕಾದುದು ಹಳೆಯ 60 ವ್ಯಾಟಿನ ಗುಂಡು ಬಲ್ಬು, ಮರಿಗಳಿಂದ ಒಂದೂವರೆ ಅಡಿ ಮೇಲೆ, ರಟ್ಟಿಗೂ ಹೊಟ್ಟಿಗೂ ತಾಕದಂತೆ ಭದ್ರವಾಗಿ ಕಟ್ಟಿದ್ದು.

ಕಾವು ಸರಿಯಿದೆಯೇ ಎಂದು ಮರಿಗಳೇ ಹೇಳುತ್ತವೆ. ಎಲ್ಲ ಬಲ್ಬಿನಡಿ ಒಂದರ ಮೇಲೊಂದು ಬಿದ್ದು ಅರಚಿದರೆ ಚಳಿ. ಮೂಲೆಗೆ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ಹರಡಿಕೊಂಡು ಮೇಯುತ್ತಿದ್ದರೆ ಸರಿ. ಕರೆಂಟು ಹೋದಾಗ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟರೆ ಸ್ವಲ್ಪ ಹೊತ್ತು ತಡೆಯುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಡುವುದು ಮಾತ್ರ ಬೇಡವೇ ಬೇಡ. ಆ ಹೊಗೆ ಮರಿಯನ್ನಷ್ಟೇ ಅಲ್ಲ, ಪಕ್ಕದಲ್ಲಿ ಮಲಗಿದ ಮನುಷ್ಯರನ್ನೂ ಕೊಲ್ಲುತ್ತದೆ.

ಇನ್ನು ಹಾಸಿಗೆ. ಹಳೆಯ ಪತ್ರಿಕೆ ಹಾಸುವವರೇ ಹೆಚ್ಚು. ಪತ್ರಿಕೆ ಓದುವುದಕ್ಕೆ ಸರಿ, ಎಳೆ ಮರಿಯ ಕಾಲಿಗಲ್ಲ. ನುಣ್ಣನೆ ಕಾಗದದ ಮೇಲೆ ಕಾಲು ಜಾರಿ, ಎರಡೂ ಕಾಲು ಅಗಲವಾಗಿ, ಮರಿ ಮತ್ತೆ ಏಳುವುದಿಲ್ಲ. ಹುಲ್ಲಹಳ್ಳಿ ನಾಲೆಯ ಕೆಳಗೆ ಭತ್ತ ಬೆಳೆಯುವ ಈ ಸೀಮೆಯಲ್ಲಿ ಭತ್ತದ ಹೊಟ್ಟಿಗೆ ಬರವಿಲ್ಲ. ಎರಡು ಮೂರು ಅಂಗುಲ ಒಣ ಹೊಟ್ಟು ಹರಡಿ, ದಿನಕ್ಕೊಮ್ಮೆ ಕೈಯಾಡಿಸಿ, ತೇವ ಆದದ್ದನ್ನು ತೆಗೆದು ಹೊಸದು ಹಾಕಬೇಕು. ತೇವವೇ ಶತ್ರು. ಒದ್ದೆ ಹಾಸಿನಲ್ಲಿ ರಕ್ತಭೇದಿ ಹುಟ್ಟುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡರೆ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಬೇಕು, ಇದಕ್ಕೆ ಔಷಧ ಇದೆ. ಪೆಟ್ಟಿಗೆಯ ಬಳಿ ಬಗ್ಗಿದಾಗ ಮೂಗಿಗೆ ಘಾಟು ಹೊಡೆದರೆ, ದಿನವಿಡೀ ಆ ಘಾಟಿನಲ್ಲೇ ಉಸಿರಾಡುವ ಮರಿಯ ಗತಿ ಏನೆಂದು ಯೋಚಿಸಬೇಕು. ಮೇವಿನ ವಿಷಯದಲ್ಲೂ ಅಷ್ಟೆ. ಬರೀ ನುಚ್ಚು ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈ ಬೆಳೆಯುವುದಿಲ್ಲ. ಮೊದಲ ಎಂಟು ವಾರ ಮರಿಗಳಿಗೆಂದೇ ಮಾರುವ ಫೀಡು ಕೊಟ್ಟು, ಆಮೇಲೆ ನುಚ್ಚು, ರಾಗಿ, ತೌಡು ಸೇರಿಸಿದರೆ ಲಾಭ.

ಕೋಳಿಗೆ ಕಾವು, ಮೇವು ಇದ್ದರೆ ಮುಗಿಯಿತು ಎನ್ನುವುದೂ ಪೂರ್ತಿ ನಿಜವಲ್ಲ. ಅದಕ್ಕೆ ಕೆಲಸ ಬೇಕು. ಹಿತ್ತಿಲ ಕೋಳಿ ಹಗಲಿನ ಬಹುಪಾಲು ಕೆದಕುವುದರಲ್ಲೇ ಕಳೆಯುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಕೂಡಿಹಾಕಿದರೆ ಆ ಕೊಕ್ಕು ಸುಮ್ಮನಿರುವುದಿಲ್ಲ, ಪಕ್ಕದ ಮರಿಯ ಬಾಲ, ಬೆನ್ನು, ಬೆರಳು ಕುಕ್ಕತೊಡಗುತ್ತದೆ. ರಕ್ತ ಕಂಡರಂತೂ ಎಲ್ಲ ಮರಿಗಳೂ ಅಲ್ಲಿಗೇ ಮುಗಿಬೀಳುತ್ತವೆ. ಇದು ರೋಗವಲ್ಲ, ಇಕ್ಕಟ್ಟು ಮತ್ತು ಬೇಸರ. ಉಪಾಯಕ್ಕೆ ಕಾಸು ಖರ್ಚಿಲ್ಲ. ಒಂದು ಕಟ್ಟು ಸೊಪ್ಪನ್ನು ದಾರದಲ್ಲಿ ತೂಗುಬಿಟ್ಟರೆ ಹಾರಿ ಹಾರಿ ಕುಕ್ಕುತ್ತವೆ. ಹೊಟ್ಟಿನ ನಡುವೆ ಒಂದು ಹಿಡಿ ರಾಗಿ ಎರಚಿದರೆ ಗಂಟೆಗಟ್ಟಲೆ ಕೆದಕುತ್ತವೆ. ಹಳೆಯ ಬಾಂಡಲಿಯಲ್ಲಿ ಒಣ ಮಣ್ಣು, ಸ್ವಲ್ಪ ಒಲೆ ಬೂದಿ ಬೆರೆಸಿಟ್ಟರೆ ಅದರಲ್ಲಿ ಹೊರಳಿ ಮೈಯ ಹೇನು ಕಳೆದುಕೊಳ್ಳುತ್ತವೆ. ಮೂರು ನಾಲ್ಕು ವಾರದ ಮೇಲೆ ಕೂರಲು ಅಡ್ಡ ಒಂದು ಕೋಲು ಬೇಕು. ದಿನಕ್ಕೊಂದು ಹೊತ್ತು ಜಗಲಿಯ ಎಳೆ ಬಿಸಿಲಿನಲ್ಲಿ ಮಂಕರಿ ಕೆಳಗೆ ಬಿಡಬೇಕು. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲು ಮೂಳೆಗೆ ಬಲ ಕೊಡುವುದಿಲ್ಲ. ಜಾಗದ ಲೆಕ್ಕ ಎಂದರೆ ಮೊದಲ ತಿಂಗಳು ಮರಿಯೊಂದಕ್ಕೆ ಅರ್ಧ ಚದರಡಿ, ಆಮೇಲೆ ಕನಿಷ್ಠ ಒಂದು. ಬಿಸ್ಕತ್ತಿನ ಪೆಟ್ಟಿಗೆ ಆರು ಮರಿಗೆ ಎಷ್ಟು ದಿನ ಸಾಕು ಎಂಬುದನ್ನು ಅಂಗಡಿಯವರೇ ಅಳೆದು ನೋಡಲಿ.

ಮನುಷ್ಯರ ಆರೋಗ್ಯದ ಮಾತೂ ಇಲ್ಲೇ ಬರುತ್ತದೆ. ಮೇಲ್ನೋಟಕ್ಕೆ ಚೆನ್ನಾಗಿಯೇ ಇರುವ ಮರಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮರಿಯನ್ನು ಮುದ್ದಾಡಿದ ಕೈಯಲ್ಲೇ ಮಗು ತಿಂಡಿ ತಿಂದರೆ ವಾಂತಿ, ಭೇದಿ, ಜ್ವರ. ಐದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು, ಬಸುರಿಯರು ಹೆಚ್ಚು ಜೋಪಾನವಾಗಿರಬೇಕು. ಪೆಟ್ಟಿಗೆ ಅಡುಗೆಮನೆಯಲ್ಲಿ ಬೇಡ, ಮಲಗುವ ಕೋಣೆಯಲ್ಲಿ ಬೇಡ. ದಿನಸಿ ಅಂಗಡಿಯವರು ಅಕ್ಕಿ, ಬೇಳೆ ಮೂಟೆಯ ಪಕ್ಕದಲ್ಲಿ ಇಟ್ಟುಕೊಳ್ಳುವುದಂತೂ ಸಲ್ಲದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಉಬ್ಬಸ ಇರುವವರ ಮನೆಯಲ್ಲಿ ಕೋಳಿಯ ಪುಕ್ಕ, ಧೂಳು ಒಳಗೆ ಸೇರದಂತೆ ನೋಡಿಕೊಳ್ಳಬೇಕು.

ಇನ್ನೊಂದು ಪಿಡುಗು ಬಣ್ಣದ ಮರಿ. ಜನ ಸೇರುವ ಜಾತ್ರೆ, ಸಂತೆಗಳಲ್ಲಿ ಗುಲಾಬಿ, ಹಸಿರು, ನೀಲಿ ಬಣ್ಣ ಬಳಿದ ಮರಿಗಳನ್ನು ಮಾರುತ್ತಾರೆ. ಇವು ಹೆಚ್ಚಿನಂಶ ಮೊಟ್ಟೆ ಕೋಳಿಯ ಮರಿ ಕೇಂದ್ರಗಳಲ್ಲಿ ಬೇಡವೆಂದು ಬೇರ್ಪಡಿಸಿದ ಗಂಡು ಮರಿಗಳು. "ಮೊಟ್ಟೆ ಇಕ್ತದೆ" ಎಂದು ನಂಬಿ ಕೊಂಡವರಿಗೆ ನಾಳೆ ನಸುಕಿನಲ್ಲಿ ಬೀದಿಯನ್ನೆಲ್ಲ ಎಬ್ಬಿಸುವ ಹುಂಜ ಸಿಗುತ್ತದೆ, ಅದೂ ಬದುಕಿದರೆ. ಮರಿ ಮೊಟ್ಟೆಯಿಂದ ಬರುವಾಗಲೇ ಹಳದಿಯ ಬುತ್ತಿಯನ್ನು ಹೊಟ್ಟೆಯಲ್ಲಿ ಕಟ್ಟಿಕೊಂಡು ಬರುತ್ತದೆ. ಅದರ ಬಲದ ಮೇಲೆ ಎರಡು ಮೂರು ದಿನ ಮೇವಿಲ್ಲದೆಯೂ ಚುರುಕಾಗಿ ಓಡಾಡುತ್ತದೆ. ಮಾರುವವನಿಗೆ ಬೇಕಾದ್ದು ಅಷ್ಟೇ ದಿನ. ಬುತ್ತಿ ಮುಗಿಯುವ ಹೊತ್ತಿಗೆ ಮರಿ ಕೊಂಡವರ ಮನೆಯಲ್ಲಿರುತ್ತದೆ, ಚಳಿ ಹಿಡಿದಿರುತ್ತದೆ, ಮಗು ಅಳುತ್ತಿರುತ್ತದೆ. ಪ್ರಾಣಿಗಳಿಗೆ ಹಿಂಸೆ ಕೊಡಬಾರದೆಂಬ ಕಾನೂನು 1960ರಿಂದಲೂ ಇದೆ. ನಂಜನಗೂಡಿನ ದೊಡ್ಡ ಜಾತ್ರೆ, ಸುತ್ತೂರು ಜಾತ್ರೆ, ಮುಡುಕುತೊರೆಯ ದನಗಳ ಜಾತ್ರೆಗಳಲ್ಲಿ ದನಕರುಗಳ ಮೇಲೆ ಇಡುವ ಕಣ್ಣನ್ನು ಇಂತಹ ಪೆಟ್ಟಿಗೆಗಳ ಮೇಲೂ ಇಡುವುದು ಕಷ್ಟವೇನಲ್ಲ.

ಇಷ್ಟೆಲ್ಲ ಮನೆಯವರ ಕೈಯಲ್ಲಿರುವ ಮಾತು. ಒಂದು ಮಾತ್ರ ಒಂಟಿ ಮನೆಯವರ ಕೈಯಲ್ಲಿಲ್ಲ. ಅದು ಕೊಕ್ಕರೆ ರೋಗ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತಿಸಿದ ಈ ರೋಗ ಹೆಚ್ಚುಕಡಿಮೆ ಆಗಲೇ ನಮ್ಮ ದೇಶದ ರಾಣಿಖೇತದಲ್ಲೂ ಕಂಡಿತು. ಅದಕ್ಕೇ ವೈದ್ಯರು ಇದನ್ನು ರಾಣಿಖೇತ ರೋಗ ಎನ್ನುತ್ತಾರೆ. ಹಸಿರು, ಬಿಳಿ ಭೇದಿ, ಉಸಿರಿಗೆ ಒದ್ದಾಟ, ರೆಕ್ಕೆ ಜೋತು ಬೀಳುವುದು, ಕತ್ತು ತಿರುಚುವುದು, ಆಮೇಲೆ ಸಾವು. ಬಂದ ಮೇಲೆ ಔಷಧವಿಲ್ಲ, ಬಾರದಂತೆ ಲಸಿಕೆ ಉಂಟು. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ಆರರಿಂದ ಎಂಟು ವಾರದಲ್ಲಿ ಒಂದು ಚುಚ್ಚುಮದ್ದು. ಮನೆಯೊಳಗಿದ್ದರೆ ರೋಗ ಬರುವುದಿಲ್ಲ ಎಂದು ತಿಳಿಯುವುದು ತಪ್ಪು. ಸಂತೆಯಿಂದ ಬಂದ ಚಪ್ಪಲಿ, ಕೋಳಿ ಅಂಗಡಿಯಿಂದ ಬಂದ ಚೀಲ, ಹೊಸದಾಗಿ ತಂದು ಸೇರಿಸಿದ ಒಂದು ಮರಿ, ಯಾವುದರಲ್ಲಿ ಬೇಕಾದರೂ ರೋಗ ಹೊಸ್ತಿಲು ದಾಟುತ್ತದೆ.

ಹಾಗಾದರೆ ಲಸಿಕೆ ಹಾಕಿಸಲು ಅಡ್ಡಿ ಏನು? ಅಡ್ಡಿ ಬಾಟಲಿಯದು. ಈ ಲಸಿಕೆ ಬರುವುದೇ ನೂರು, ಇನ್ನೂರು, ಅದಕ್ಕೂ ಹೆಚ್ಚು ಕೋಳಿಗಳ ಲೆಕ್ಕದ ಶೀಷೆಯಲ್ಲಿ. ಒಮ್ಮೆ ಒಡೆದು ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಒಡೆಯುವ ತನಕವೂ ತಣ್ಣಗೇ ಇರಬೇಕು. ಸಾವಿರ ಕೋಳಿಯ ಫಾರಂನವನಿಗೆ ಇದು ಸಲೀಸು. ಆರು ಪಿಳ್ಳೆಯವಳು ಹೋಗಿ ನಿಂತರೆ ನೂರರ ಶೀಷೆ ಒಡೆಯಲು ಯಾರಿಗಾದರೂ ಕೈ ಬರುತ್ತದೆಯೇ? ವೈದ್ಯರನ್ನು ಬೈದು ಫಲವಿಲ್ಲ, ಆಕೆಯನ್ನು ಬೈಯುವುದಂತೂ ಅನ್ಯಾಯ. ಆರು ಮರಿಗೆ ಒಡೆಯಲಾಗದ ಶೀಷೆಯನ್ನು ಒಂದು ಬೀದಿಗೆ ಒಡೆಯಬಹುದು. ಹದಿನೈದು ಮನೆಯವರು ಒಂದೇ ದಿನ, ಒಂದೇ ಹೊತ್ತಿಗೆ ಮಂಕರಿ ಹಿಡಿದು ಬಂದರೆ ನೂರರ ಲೆಕ್ಕ ತಾನಾಗಿ ತುಂಬುತ್ತದೆ.

ಬೀದಿಯ ಹಿತ ಇದರಲ್ಲಿ ಎಷ್ಟಿದೆ ಎಂಬುದಕ್ಕೆ ಮೈಸೂರೇ ಸಾಕ್ಷಿ. 2017ರ ಜನವರಿಯಲ್ಲಿ ಹಕ್ಕಿ ಜ್ವರದಿಂದಾಗಿ ಮೈಸೂರು ಮೃಗಾಲಯದ ಬಾಗಿಲನ್ನೇ ಸುಮಾರು ಒಂದು ತಿಂಗಳು ಮುಚ್ಚಬೇಕಾಯಿತು. 2020ರ ಮಾರ್ಚಿನಲ್ಲಿ ಕುಂಬಾರಕೊಪ್ಪಲಿನಲ್ಲಿ ಹಕ್ಕಿ ಜ್ವರ ಖಚಿತವಾದಾಗ ಸುತ್ತ ಒಂದು ಕಿಲೋಮೀಟರಿನೊಳಗಿನ ಕೋಳಿಗಳನ್ನು ಕೊಲ್ಲಲಾಯಿತು. ಫಾರಂ ಕೋಳಿಗಷ್ಟೇ ಅಲ್ಲ, ಮನೆಮನೆಯ ಕೋಳಿಗೂ ಅದೇ ಗತಿ. ಕೊಕ್ಕರೆ ರೋಗದ ಲಸಿಕೆ ಹಕ್ಕಿ ಜ್ವರವನ್ನು ತಡೆಯುವುದಿಲ್ಲ, ನಿಜ. ಆದರೆ ತಿಂಗಳಿಗೊಮ್ಮೆ ವೈದ್ಯರ ಕಣ್ಣಿಗೆ ಬೀದಿಯ ಕೋಳಿಗಳೆಲ್ಲ ಬಿದ್ದರೆ, ಎಲ್ಲಿ ಏನು ಸತ್ತಿತು ಎಂಬುದು ಮೊದಲೇ ತಿಳಿಯುತ್ತದೆ. ಈಗೇನಾಗುತ್ತಿದೆ? ಸತ್ತ ಕೋಳಿಯನ್ನು ರಾತ್ರೋರಾತ್ರಿ ನಾಲೆಗೋ ಹೊಳೆಗೋ ಎಸೆಯುವವರಿದ್ದಾರೆ. ಹುಲ್ಲಹಳ್ಳಿಯ ಕಪಿಲೆಯೇ ಕೆಳಗೆ ನಂಜನಗೂಡಿನ ಸ್ನಾನಘಟ್ಟಕ್ಕೆ ಹೋಗುವುದು ಎಂಬ ನೆನಪು ಇರಬೇಡವೆ? ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ, ಆಳವಾಗಿ ಹೂತು, ಮೇಲೆ ಸುಣ್ಣ ಹಾಕಬೇಕು. ಒಟ್ಟಿಗೆ ನಾಲ್ಕಾರು ಸತ್ತರೆ ಹೂಳುವ ಮುನ್ನ ಪಶು ಆಸ್ಪತ್ರೆಗೆ ತಿಳಿಸಬೇಕು.

ಆದ್ದರಿಂದ ಆಗಬೇಕಾದ್ದು ದೊಡ್ಡ ಯೋಜನೆಯಲ್ಲ, ಒಂದು ಗೊತ್ತಾದ ದಿನ. ತಿಂಗಳಿಗೆರಡು ಬಾರಿ ಹುಲ್ಲಹಳ್ಳಿಯಲ್ಲಿ ಕೋಳಿ ಲಸಿಕೆ ದಿನ ಎಂದು ಪಶುಪಾಲನಾ ಇಲಾಖೆ ಗೊತ್ತುಮಾಡಲಿ. ಒಂದು ದಿನ ಎಳೆ ಮರಿಗೆ ಹನಿ, ಇನ್ನೊಂದು ದಿನ ಬೆಳೆದದ್ದಕ್ಕೆ ಸೂಜಿ. ಪಂಚಾಯಿತಿ ಹಿಂದಿನ ದಿನ ಡಂಗುರ ಸಾರಿಸಲಿ, ಶಾಲೆಯ ಮಕ್ಕಳ ಮೂಲಕ ಮನೆಗೆ ಸುದ್ದಿ ಮುಟ್ಟಲಿ. ಬೀದಿಯ ಒಬ್ಬ ಅಂಗಡಿಯವರು ಸಾಲದ ಪುಸ್ತಕದ ಕೊನೆಯ ಹಾಳೆಯಲ್ಲಿ ಯಾರ ಮನೆಯಲ್ಲಿ ಎಷ್ಟು ಮರಿ, ಎಷ್ಟು ದಿನದ್ದು ಎಂದು ಬರೆದಿಟ್ಟು ಆಸ್ಪತ್ರೆಗೆ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಕಾಹಿಲೆ ಬಿದ್ದ ಮರಿಗೆ ಲಸಿಕೆ ಹಾಕಿಸಬಾರದು, ಅದನ್ನು ಬೇರೆ ಇಟ್ಟು ತೋರಿಸಬೇಕು ಎಂಬುದನ್ನು ಜನ ತಿಳಿದಿರಲಿ.

ಕೋಳಿಯನ್ನು ಮನೆಯೊಳಕ್ಕೆ ಕರೆದುಕೊಂಡವರು ನಾವೇ, ಅದಾಗಿ ಬರಲಿಲ್ಲ. ಒಳಕ್ಕೆ ಕರೆದ ಮೇಲೆ ಕಾವು, ಒಣ ಹಾಸು, ಕೆದಕಲು ಒಂದಿಷ್ಟು ಮಣ್ಣು ಮನೆಯವರ ಪಾಲಿನದು. ಕಣ್ಣಿಗೆ ಒಂದು ಹನಿ ಊರಿನ ಪಾಲಿನದು. ಮಳೆಗಾಲ ಕಳೆದು ಚಳಿ ಹಿಡಿಯುವ ಮೊದಲೇ ಸಂಬಂಧಪಟ್ಟವರು ಆ ದಿನ ಯಾವುದೆಂದು ಹೇಳುವರೇ?